ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ

ಹಾವೇರಿ ಸೀಮೆಯ ಒಂದು ಊರು. ಹೆಸರು ಬೇಡ, ಇಂಥ ಊರುಗಳು ಎಲ್ಲ ತಾಲ್ಲೂಕಿನಲ್ಲೂ ಇವೆ. ನಾವು ಅಂದರೆ ಜಿಲ್ಲೆಯಲ್ಲಿ ಸುದ್ದಿ ಮಾಡಿಕೊಂಡಿರುವ ಇಬ್ಬರು ಗೆಳೆಯರು. ಅಲ್ಲಿಗೆ ಹೋಗಿದ್ದು ಕೆಟ್ಟು ನಿಂತ ಕುಡಿಯುವ ನೀರಿನ ಘಟಕದ ಸುದ್ದಿಗೆ. ಫೋಟೊ ತೆಗೆಯುವಷ್ಟರಲ್ಲಿ ಮಳೆ ಬಂತು. ಓಡಿಹೋಗಿ ಪಂಚಾಯಿತಿ ಗ್ರಂಥಾಲಯದ ಕಟ್ಟೆ ಹತ್ತಿದೆವು.

ಒಳಗೆ ಮೂಲೆಯಲ್ಲಿ ಹೂವಿನ ಚಿತ್ರದ ಮೇಜುಹಾಸು ಹೊದ್ದು ಏನೋ ಕೂತಿತ್ತು. ಅದರ ಮೇಲೆ ಹಳೆಯ ಪೇಪರಿನ ಕಟ್ಟು, ಕಟ್ಟಿನ ಮೇಲೆ ಒಂದು ತಂಬಿಗೆ.

"ಅದು ಕಂಪ್ಯೂಟರ್ ರೀ. ಸತ್ತೈತಿ," ಎಂದರು ಗ್ರಂಥಾಲಯದ ಅಕ್ಕ.

ಚಾಲೂನೇ ಆಗುವುದಿಲ್ಲವೇ ಅಂತ ಕೇಳಿದೆವು. "ಆಗತೈತ್ರಿ. ಆದ್ರ ಚಾಲೂ ಆಗೋದ್ರಾಗ ಚಾ ಕುಡದು ಬರಬಹುದು. ನೆಟ್ ಹಾಕಿದ್ರ ಏನೂ ತೆರಿಯಂಗಿಲ್ಲ. ರಿಪೇರಿಯವ ಬಂದು ನೋಡಿ, ಹೊಸಾದು ತಗೊಳ್ರಿ ಅಂದು ಹೋದ."

ಚಾಲೂ ಆಗುವುದು ಸತ್ತಿದ್ದು ಹೇಗಾಗುತ್ತದೆ? ಆ ಪ್ರಶ್ನೆಯಿಂದ ಈ ಬರಹ ಶುರುವಾಯಿತು. ಹಳ್ಳಿಗಳ ಶಾಲೆ, ಗ್ರಂಥಾಲಯ, ಸಹಕಾರ ಸಂಘ, ಮನೆಯ ಅಟ್ಟಗಳಲ್ಲಿ ಹೀಗೆ ಮೇಜುಹಾಸು ಹೊದ್ದು ಕೂತ ಕಂಪ್ಯೂಟರುಗಳಲ್ಲಿ ಎಷ್ಟೋ ಸತ್ತಿಲ್ಲ. ಅವುಗಳ ಮೇಲೆ ಹೇರು ಹೆಚ್ಚಾಗಿದೆ, ಅಷ್ಟೇ. ವಯಸ್ಸಾದ ಎತ್ತಿಗೆ ಟ್ರ್ಯಾಕ್ಟರ್ ಲೋಡು ಕಟ್ಟಿ, ಏಳಲಿಲ್ಲ ಅಂತ ಕಸಾಯಿಗೆ ಕೊಟ್ಟಂತೆ ಆಗಿದೆ ನಮ್ಮ ಲೆಕ್ಕ.

ಯಂತ್ರ ಮುದಿಯಾಗುವುದು ಹೇಗೆ

ಆ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. 2023ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ಕೂಡ ಅದರ ಕೈಬಿಟ್ಟಿತು. ಬ್ರೌಸರ್ ಹಳೆಯದಾದರೆ ಇವತ್ತಿನ ವೆಬ್‌ಸೈಟುಗಳು ಸರಿಯಾಗಿ ತೆರೆಯುವುದಿಲ್ಲ. ಅಪ್‌ಡೇಟ್ ಇಲ್ಲದ ಯಂತ್ರಕ್ಕೆ ವೈರಸ್ ಹೊಕ್ಕರೆ ತಡೆಯುವವರೂ ಇಲ್ಲ.

ಈಗ ಅದೇ ಸರದಿ ವಿಂಡೋಸ್ 10ಕ್ಕೆ ಬಂದಿದೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು 4 ಜಿಬಿ ರ‍್ಯಾಮ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಈಚಿನ ವರ್ಷಗಳ ಪ್ರೊಸೆಸರ್ ಕೇಳುತ್ತದೆ. ನಮ್ಮೂರುಗಳಲ್ಲಿ ಇರುವ ಬಹಳ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅವುಗಳಲ್ಲಿ ಕೀಲಿಮಣೆ ಸರಿ ಇದೆ, ಪರದೆ ಸರಿ ಇದೆ, ಪ್ರೊಸೆಸರ್ ಸರಿ ಇದೆ. ಆದರೂ ಅವು ಗುಜರಿಯ ಸಾಲಿಗೆ ಸೇರುತ್ತವೆ.

ಆಗ ನಮ್ಮ ಕಡೆ ಎರಡು ದಾರಿ ಹಿಡಿಯುತ್ತಾರೆ. ಒಂದು, ಹೊಸದಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು. ಇನ್ನೊಂದು, ಪೇಟೆಯ ಅಂಗಡಿಯಲ್ಲಿ ಇನ್ನೂರು ಮುನ್ನೂರು ಕೊಟ್ಟು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಳ್ಳುವುದು. ಆ ಕ್ರ್ಯಾಕ್ ಜೊತೆಗೆ ಏನೇನು ಒಳಗೆ ಬಂತು ಅಂತ ಹಾಕಿದವನಿಗೂ ಗೊತ್ತಿರುವುದಿಲ್ಲ. ಅದರಲ್ಲೇ ನಾವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೇವೆ.

ಮೂರನೆಯ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಶುರುಮಾಡಿದ್ದು ಅದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಅದೇ ಲಿನಕ್ಸ್. ಅಂದರೆ ನೀವು ಈ ಬರಹವನ್ನು ಅದರ ಮೇಲೆಯೇ ಓದುತ್ತಿರಬಹುದು. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಹಣ ಕೊಡಬೇಕಿಲ್ಲ, ಕದಿಯಬೇಕಿಲ್ಲ, ಒಂದನ್ನು ಹತ್ತು ಯಂತ್ರಕ್ಕೆ ಹಾಕಿದರೂ ಕಾನೂನಿಗೆ ವಿರುದ್ಧವಲ್ಲ.

ನಾವು ಮಾಡಿದ ಮೊದಲ ತಪ್ಪು

ಮುಂದಿನ ಭಾನುವಾರ ಅಕ್ಕನ ಒಪ್ಪಿಗೆ ಪಡೆದು, ಪಂಚಾಯಿತಿಯವರಿಗೂ ಒಂದು ಮಾತು ಹೇಳಿ, ಪೆನ್‌ಡ್ರೈವ್ ಹಿಡಿದು ಹೋದೆವು. ಲಿನಕ್ಸ್ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆವು. ಚೆಂದ ಕಂಡದ್ದನ್ನು ಇಳಿಸಿಕೊಂಡು ಹೋಗಿದ್ದೆವು. ಹಾಕಿದರೆ ಬಾಣದ ಗುರುತು ಬಸವನಹುಳದಂತೆ ತೆವಳಿತು. ಅಕ್ಕ ನಕ್ಕರು. "ನಾ ಹೇಳಿದ್ನಿಲ್ಲರಿ?"

ಆಮೇಲೆ ಅರ್ಥವಾಯಿತು. ಲಿನಕ್ಸ್ ಬೇರೆ, ಅದರ ಮೇಲೆ ಕೂರುವ ಡೆಸ್ಕ್‌ಟಾಪ್ ಬೇರೆ. ಎತ್ತು ಬೇರೆ, ಗಾಡಿ ಬೇರೆ ಇದ್ದ ಹಾಗೆ. ಅದೇ ಎತ್ತಿಗೆ ಭಾರದ ಗಾಡಿಯನ್ನೂ ಕಟ್ಟಬಹುದು, ಹಗುರ ಗಾಡಿಯನ್ನೂ ಕಟ್ಟಬಹುದು. ಹಗುರ ಗಾಡಿಗಳ ಹೆಸರು ಎಲ್‌ಎಕ್ಸ್‌ಕ್ಯೂಟಿ, ಎಕ್ಸ್‌ಎಫ್‌ಸಿಇ ಇತ್ಯಾದಿ. ಇವು ಮೆಮೊರಿಯನ್ನು ಕಡಿಮೆ ತಿನ್ನುತ್ತವೆ, ಉಳಿದದ್ದು ನಮ್ಮ ಕೆಲಸಕ್ಕೆ ಸಿಗುತ್ತದೆ.

ಈಗ ನಾವು ಇಟ್ಟುಕೊಂಡಿರುವ ಲೆಕ್ಕ ಇದು. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ನೋಡಲು ಹಳೆ ವಿಂಡೋಸಿನಂತೆಯೇ ಇದೆ, ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ಇದ್ದರೆ ಲುಬುಂಟು, ಅದರಲ್ಲಿರುವುದು ಎಲ್‌ಎಕ್ಸ್‌ಕ್ಯೂಟಿ. 1 ಜಿಬಿ ಮಾತ್ರ ಇದ್ದರೆ, ಅಥವಾ ತೀರ ಹಳೆಯ 32 ಬಿಟ್ ಯಂತ್ರವಾದರೆ, ಆಂಟಿಎಕ್ಸ್. ದೊಡ್ಡ ಲಿನಕ್ಸುಗಳು ಒಂದೊಂದಾಗಿ 32 ಬಿಟ್ ಬಿಡುತ್ತಿವೆ, ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಗೆ 32 ಬಿಟ್ ಇನ್‌ಸ್ಟಾಲರ್ ಕೊಡಲಿಲ್ಲ. ಆದರೆ ಹೆದರಬೇಡಿ. ಡೆಸ್ಕ್‌ಟಾಪಿನ ಮೇಲೆ ಕೋರ್ ಟು ಡ್ಯುಯೋ ಚೀಟಿ ಅಂಟಿದ್ದರೆ ಅದು 64 ಬಿಟ್ಟೇ.

ಗ್ರಂಥಾಲಯದ ಯಂತ್ರದಲ್ಲಿ ಇದ್ದದ್ದು 2 ಜಿಬಿ. ಎರಡನೇ ಭಾನುವಾರ ಲುಬುಂಟು ಒಯ್ದೆವು.

ಮಾಡುವುದು ಹೇಗೆ

ದೊಡ್ಡ ವಿದ್ಯೆಯೇನಲ್ಲ. ಆದರೆ ಕ್ರಮ ತಪ್ಪಬಾರದು.

ಮೊದಲು ಒಳಗಿರುವ ಫೋಟೊ, ಲೆಕ್ಕಪತ್ರ, ಪಟ್ಟಿ ಎಲ್ಲವನ್ನೂ ಬೇರೆ ಪೆನ್‌ಡ್ರೈವ್‌ಗೆ ತೆಗೆದಿಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಅಳಿಸು ಎಂಬ ಆಯ್ಕೆ ಒತ್ತಿದರೆ ಹಳೆಯದು ಮರಳಿ ಬರುತ್ತದೆಂಬ ಭರವಸೆ ಇಲ್ಲ.

ಆಮೇಲೆ ಲಿನಕ್ಸಿನ ಐಎಸ್ಒ ಫೈಲ್ ಇಳಿಸಿಕೊಳ್ಳಿ. ಅದರ ಅಧಿಕೃತ ತಾಣದಿಂದಲೇ ಇಳಿಸಿ. ಗಾತ್ರ ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರು ಎರಡು ದಿನಕ್ಕೆ ಹಂಚಿಕೊಳ್ಳಬೇಕಾಗುತ್ತದೆ. ಒಮ್ಮೆ ಇಳಿಸಿದರೆ ಊರಿಗೆಲ್ಲ ಅದೇ ಸಾಕು.

ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಆಗುವುದಿಲ್ಲ, ಬರೆಯಬೇಕು. ಕಂಪ್ಯೂಟರಿನಲ್ಲಾದರೆ ರೂಫಸ್, ವೆಂಟಾಯ್ ಎಂಬ ತಂತ್ರಾಂಶಗಳಿವೆ. ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲವೇ? ಆಂಡ್ರಾಯ್ಡ್ ಫೋನಿಗೆ ಎಚ್‌ಡ್ರಾಯ್ಡ್ ಎಂಬ ಆ್ಯಪ್ ಇದೆ. ಒಟಿಜಿ ಕೇಬಲ್ಲಿನಿಂದ ಪೆನ್‌ಡ್ರೈವ್ ಸಿಕ್ಕಿಸಿ ಫೋನಿನಿಂದಲೇ ಬರೆಯಬಹುದು. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ.

ಕಂಪ್ಯೂಟರ್ ಆನ್ ಆದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಯಾವುದರಿಂದ ಶುರುಮಾಡಲಿ ಎಂದು ಕೇಳುತ್ತದೆ. ಕೀಲಿ ಯಂತ್ರದಿಂದ ಯಂತ್ರಕ್ಕೆ ಬೇರೆ. ಪೆನ್‌ಡ್ರೈವ್ ಆರಿಸಿ.

ಇನ್ನು ಮುಖ್ಯ ಮಾತು. ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಆಗ ಯಂತ್ರದೊಳಗಿನ ಒಂದಕ್ಷರವೂ ಅಳಿಯುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಕೇಳುತ್ತದೆಯೇ, ಎಲ್ಲ ನೋಡಿ. ಎತ್ತು ಕೊಳ್ಳುವ ಮುನ್ನ ಸಂತೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಲ್ಲ, ಹಾಗೆ. ಒಪ್ಪಿಗೆಯಾಗದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ, ಹಳೆಯದು ಹಾಗೇ ಇರುತ್ತದೆ.

ಗ್ರಂಥಾಲಯದಲ್ಲಿ ಇನ್ನೂ ಎರಡು ಸಣ್ಣ ತೊಡಕು ಬಂದವು. ಯಂತ್ರ ಒಮ್ಮೆ ಪೀಪ್ ಪೀಪ್ ಅಂತ ಕೂಗಿ ನಿಂತಿತು. ಬಿಚ್ಚಿ, ದೂಳು ಊದಿ, ರ‍್ಯಾಮಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಸರಿಹೋಯಿತು. ಇದನ್ನು ಕರೆಂಟ್ ವೈರು ತೆಗೆದೇ ಮಾಡಬೇಕು. ಎರಡನೆಯದು, ವೆಬ್‌ಸೈಟ್ ತೆರೆದರೆ ಸುರಕ್ಷಿತವಲ್ಲ ಎಂದು ತಡೆಯುತ್ತಿತ್ತು. ಮೂಲೆಯಲ್ಲಿ ತಾರೀಖು ನೋಡಿದರೆ 2009! ಒಳಗಿನ ಗುಂಡಗಿನ ಬ್ಯಾಟರಿ ಮುಗಿದಿತ್ತು, ಪ್ರತಿ ಸಲ ಆಫ್ ಮಾಡಿದಾಗ ಯಂತ್ರ ಹಿಂದಿನ ಕಾಲಕ್ಕೆ ಹೋಗುತ್ತಿತ್ತು. ತಾರೀಖು ತಪ್ಪಾದರೆ ವೆಬ್‌ಸೈಟಿನ ಭದ್ರತಾ ಪತ್ರ ತಾಳೆಯಾಗುವುದಿಲ್ಲ. ಸಿಆರ್ 2032 ಅಂತ ಕೇಳಿದರೆ ವಾಚಿನ ಅಂಗಡಿಯಲ್ಲೂ ಆ ಬ್ಯಾಟರಿ ಸಿಗುತ್ತದೆ. ಇಬ್ಬರ ಮಿರ್ಚಿ ಚಹಾದ ಖರ್ಚು.

"ನೆಟ್ ತೆರಿಯಂಗಿಲ್ಲ" ಎಂಬ ಮರಣಪತ್ರದಲ್ಲಿ ಅರ್ಧ ಪಾಲು ಆ ಬ್ಯಾಟರಿಯದೇ ಆಗಿತ್ತು.

ಕನ್ನಡ ಬರುತ್ತದೆಯೇ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬರುತ್ತದೆ. ನುಡಿಯಲ್ಲಿ ಕೈ ಕೂತವರಿಗೆ ಅದೇ ಕಗಪ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಬೇರೆ ತಂತ್ರಾಂಶ ಹಾಕಬೇಕಿಲ್ಲ. ಅಕ್ಷರಕ್ಕೆ ನೋಟೋ, ಲೋಹಿತ್ ಇವೆ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳೂ ಡೆಬಿಯನ್, ಉಬುಂಟು ಕಣಜದಲ್ಲಿವೆ. ಪತ್ರ ಬರೆಯಲು, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಇದೆ. ಅದರ ಮೆನುವನ್ನೇ ಕನ್ನಡಕ್ಕೆ ಬದಲಿಸಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಅಕ್ಕ ಹಿಂದೆ ನುಡಿಯಲ್ಲಿ ಹೊಡೆದಿಟ್ಟ ಪುಸ್ತಕದ ಪಟ್ಟಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದಂತೆ ಕಂಡಿತು. ಅದು ಲಿನಕ್ಸಿನ ದೋಷವಲ್ಲ. ಹಳೆಯ ಪದ್ಧತಿಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತುಂಬಿಡುತ್ತಿದ್ದರು. ಆ ಫಾಂಟ್ ಇಲ್ಲದ ಕಡೆ, ನಿಮ್ಮ ಫೋನಿನಲ್ಲೂ ಸಹ, ಅದು ಹಾಗೆಯೇ ಕಾಣುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ನಾವು ಬದಲಿಸಿಕೊಟ್ಟೆವು, ಕೆಲವು ಒತ್ತಕ್ಷರ ತಪ್ಪಿದ್ದನ್ನು ಅಕ್ಕ ಕೂತು ತಿದ್ದಿದರು. ಈಗ ಆ ಪಟ್ಟಿ ಫೋನಿನಲ್ಲೂ ಕನ್ನಡವಾಗಿಯೇ ತೆರೆಯುತ್ತದೆ.

ಎಲ್ಲಿ ಕೈ ಹಾಕಬಾರದು

ಲಿನಕ್ಸ್ ಎಲ್ಲದಕ್ಕೂ ಮದ್ದು ಅಂತ ಹೇಳುವವರನ್ನು ನಂಬಬೇಡಿ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ಮುಂತಾದವು ನಡೆಯುತ್ತಿರುವ ಕಂಪ್ಯೂಟರನ್ನು ಮುಟ್ಟಲೇಬೇಡಿ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕೆಲವು ಹಳೆ ಲೇಸರ್ ಪ್ರಿಂಟರುಗಳು ಲಿನಕ್ಸಿನ ಮಾತು ಕೇಳುವುದೇ ಇಲ್ಲ. ಅದಕ್ಕೇ ಮೊದಲು ಪೆನ್‌ಡ್ರೈವಿನಿಂದ ನೋಡಿ ಅಂದಿದ್ದು.

2 ಜಿಬಿಯಲ್ಲಿ ಪವಾಡವೂ ಆಗುವುದಿಲ್ಲ. ಡೆಸ್ಕ್‌ಟಾಪ್ ಹಗುರವಾದರೂ ಬ್ರೌಸರ್ ಭಾರವೇ. ಒಂದೆರಡು ಟ್ಯಾಬಿಗಿಂತ ಹೆಚ್ಚು ತೆರೆದರೆ ಮತ್ತೆ ಚಹಾದ ಹೊತ್ತು. ಯೂಟ್ಯೂಬ್ ಪಾಠಗಳನ್ನು 480ರಲ್ಲಿ ಇಟ್ಟರೆ ತಡೆಯಿಲ್ಲದೆ ಓಡುತ್ತವೆ. ಸಾಧ್ಯವಾದರೆ ಇನ್ನೊಂದು ಹಳೆ ಯಂತ್ರದ ರ‍್ಯಾಮ್ ತೆಗೆದು ಕೂರಿಸಿ, ಎರಡೂ ಒಂದೇ ಜಾತಿಯದಾಗಿರಬೇಕು. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದರೆ ಇನ್ನೂ ದೊಡ್ಡ ವ್ಯತ್ಯಾಸ ಕಾಣುತ್ತದೆ.

ನಾವು ಮಾಡಿದ ಎರಡನೇ ತಪ್ಪು

ಯಂತ್ರ ನಡೆಯಿತು. ಮಕ್ಕಳು ಮುತ್ತಿದರು. ನಾವು ಫೋಟೊ ತೆಗೆದುಕೊಂಡು, ಅಕ್ಕ ಕೊಟ್ಟ ಅವಲಕ್ಕಿ ತಿಂದು, ದೊಡ್ಡ ಕೆಲಸ ಮಾಡಿದೆವೆಂಬ ಖುಷಿಯಲ್ಲಿ ಮನೆಗೆ ಬಂದೆವು.

ಎರಡು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಇಣುಕಿದೆವು. ಮೂಲೆಯಲ್ಲಿ ಮೇಜುಹಾಸು. ಅದರ ಮೇಲೆ ಪೇಪರಿನ ಕಟ್ಟು. ಅದರ ಮೇಲೆ ತಂಬಿಗೆ.

ಕೆಟ್ಟಿತ್ತೇ? ಇಲ್ಲ. ಒಂದು ದಿನ ಪಾಸ್‌ವರ್ಡ್ ಕೇಳಿದೆ, ಅಕ್ಕನಿಗೆ ನಾವು ಅದನ್ನು ಹೇಳಿಯೇ ಇರಲಿಲ್ಲ. ಅವರಿಗೆ ನಮ್ಮ ನಂಬರೂ ಇರಲಿಲ್ಲ. "ಮುಟ್ಟಿದ್ರ ಕೆಟ್ಟೀತು, ನನ್ನ ಮ್ಯಾಲ ಬರತೈತಿ ಅಂತ ಮುಚ್ಚಿಟ್ಟೆ" ಎಂದರು. ತಪ್ಪು ಅವರದಲ್ಲ. ನಮ್ಮದು. ಹತ್ತು ವರ್ಷ ಸರ್ಕಾರಿ ಯೋಜನೆಗಳ ಬಗ್ಗೆ "ಉಪಕರಣ ಕೊಟ್ಟರು, ತರಬೇತಿ ಕೊಡಲಿಲ್ಲ" ಎಂದು ಬರೆದವರು ನಾವು. ಅದನ್ನೇ ನಾವೂ ಮಾಡಿದ್ದೆವು.

ಮೂರನೇ ಭಾನುವಾರ ಬೇರೆ ರೀತಿ ಹೋದೆವು. ನಾವು ಕೀಲಿಮಣೆ ಮುಟ್ಟಲಿಲ್ಲ. ಊರಿನ ಪಿಯುಸಿ ಹುಡುಗಿಯೊಬ್ಬಳು ಮುಂದೆ ಕೂತಳು. ಪೆನ್‌ಡ್ರೈವ್ ಹಾಕಿದ್ದೂ ಅವಳೇ, ಹಳೆಯದನ್ನು ಅಳಿಸಿ ಮತ್ತೆ ಮೊದಲಿನಿಂದ ಲುಬುಂಟು ಹಾಕಿದ್ದೂ ಅವಳೇ. ಎರಡು ಕಡೆ ತಪ್ಪು ಮಾಡಿದಳು, ತಾನೇ ಸರಿಪಡಿಸಿದಳು. ಅಕ್ಕನಿಗೆ ಒಂದು ಖಾತೆ, ಮಕ್ಕಳಿಗೆ ಪಾಸ್‌ವರ್ಡ್ ಇಲ್ಲದ ಇನ್ನೊಂದು ಖಾತೆ. ಆನ್ ಮಾಡುವುದು, ಆಫ್ ಮಾಡುವುದು, ಕನ್ನಡಕ್ಕೆ ಬದಲಿಸುವುದು, ವಾರಕ್ಕೊಮ್ಮೆ ಅಪ್‌ಡೇಟ್ ಒತ್ತುವುದು, ಈ ನಾಲ್ಕನ್ನು ಅವಳ ಕೈಬರಹದಲ್ಲೇ ಬರೆದು ಗೋಡೆಗೆ ಅಂಟಿಸಿದೆವು. ಪೆನ್‌ಡ್ರೈವನ್ನು ಅಲ್ಲೇ ಬಿಟ್ಟು ಬಂದೆವು.

ಈಗಲೂ ಆಗಾಗ ಇಣುಕುತ್ತೇವೆ. ಮೇಜುಹಾಸು ಕಿಟಕಿಗೆ ಪರದೆಯಾಗಿದೆ.

ನಮಗೆ ಸಿಕ್ಕ ಪಾಠ ಇಷ್ಟು. ಹಾಕುವುದು ಒಂದು ಸಂಜೆಯ ಕೆಲಸ. ಉಳಿಯಬೇಕಾದರೆ ಊರಿನಲ್ಲೇ ಹೆದರದ ಒಂದು ಕೈ ಬೇಕು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳು ಲಿನಕ್ಸ್ ಮೇಲೆಯೇ ಪಾಠ ಮಾಡುತ್ತವೆ, ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳಿವೆ. ಮಕ್ಕಳನ್ನೇ ಜೊತೆಗೆ ತೆಗೆದುಕೊಂಡರು, ಅದಕ್ಕೇ ಅದು ನಿಂತಿತು ಅನ್ನುವುದು ನಮ್ಮ ಅಭಿಪ್ರಾಯ. ಕೇಂದ್ರ ಸರ್ಕಾರವೂ 2015ರಲ್ಲೇ ಮುಕ್ತ ತಂತ್ರಾಂಶ ಬಳಸುವ ನೀತಿ ತಂದಿದೆ. ಸಿಡ್ಯಾಕ್ ಬಾಸ್ ಎಂಬ ಭಾರತೀಯ ಲಿನಕ್ಸನ್ನೇ ರೂಪಿಸಿದೆ. ಕಾಗದದ ಮೇಲೆ ಎಲ್ಲ ಇದೆ, ನಮ್ಮೂರ ಮೇಜಿನ ಮೇಲೆ ಬರಬೇಕಿದೆ.

ಒಬ್ಬ ಮೇಷ್ಟ್ರು ನಮಗೆ ಖಾರವಾಗಿಯೇ ಕೇಳಿದರು. "ಪೇಟೆ ಮಕ್ಕಳಿಗೆ ಹೊಸ ಲ್ಯಾಪ್‌ಟಾಪ್, ನಮ್ಮ ಮಕ್ಕಳಿಗೆ ಹಳೇ ಡಬ್ಬಿನೇ?" ಪ್ರಶ್ನೆ ನ್ಯಾಯವಾದದ್ದು. ಹಳೆಯದು ನಡೆಯುತ್ತದೆಂಬ ನೆಪ ಹೇಳಿ ಹೊಸದನ್ನು ಕೊಡದಿರುವ ಹುನ್ನಾರಕ್ಕೆ ನಮ್ಮ ಬರಹ ಬಳಕೆಯಾಗಬಾರದು. ಹೊಸದನ್ನು ಕೇಳಲೇಬೇಕು, ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ. ಆದರೆ ಅದು ಬರುವವರೆಗೆ ಎಸ್ಎಸ್ಎಲ್‌ಸಿ ಓದುವ ಎರಡು ಬ್ಯಾಚು ಕೀಲಿಮಣೆ ಮುಟ್ಟದೇ ಹೊರಗೆ ಹೋಗಿರುತ್ತದೆ. ಫೋನ್ ಎಲ್ಲರ ಕೈಯಲ್ಲಿದೆ ನಿಜ. ಫೋನಿನಲ್ಲಿ ನೋಡುವುದು ಕಲಿಯುತ್ತಾರೆ. ಅರ್ಜಿ ಬರೆಯುವುದು, ಲೆಕ್ಕದ ಹಾಳೆ ಮಾಡುವುದು, ಕಡತ ಜೋಡಿಸುವುದು ಕೀಲಿಮಣೆಯ ಮುಂದೆ ಕೂತರೇ ಬರುವುದು. ನಾಳೆ ವಿಂಡೋಸ್ ಇರುವ ಆಫೀಸಿಗೆ ಹೋದರೂ ಆ ಕೈಚಳಕ ಹಾಗೇ ಕೆಲಸಕ್ಕೆ ಬರುತ್ತದೆ.

ಹಾಗಾಗಿ ನಮ್ಮ ಒತ್ತಾಯ ಸಣ್ಣದು. ಪಂಚಾಯಿತಿಯಾಗಲಿ, ಶಾಲೆಯಾಗಲಿ, ಕಂಪ್ಯೂಟರನ್ನು ನಿರುಪಯುಕ್ತ ಎಂದು ಪಟ್ಟಿಗೆ ಬರೆಯುವ ಮುನ್ನ ಒಮ್ಮೆ ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ನೋಡಲಿ. ನಡೆಯದಿದ್ದರೆ ಆ ಮಾತನ್ನೇ ಪಟ್ಟಿಯಲ್ಲಿ ಬರೆಯಲಿ. ಎಸ್‌ಡಿಎಂಸಿ ಸಭೆಗೆ ಹೋಗುವ ತಾಯಂದಿರು ಒಂದು ಪ್ರಶ್ನೆ ಕೇಳಲಿ: "ಆ ಮೂಲ್ಯಾಗಿಂದು ಚಾಲೂ ಆಗತೈತೇನ್ರಿ?"

ಆಗುತ್ತದೆ ಎಂಬ ಉತ್ತರ ಬಂದರೆ, ಅದು ಸತ್ತಿಲ್ಲ. ಮೇಜುಹಾಸು ತೆಗೆಯಿರಿ.